ತಿರ್ಮಿಸ್ ಮನೆ ಮುಟ್ಟಬಾರದು

ಅಬುಧಾಬಿ
4 ನವೆಂಬರ್ 2018

ಪ್ರೀತಿಯ ತಾಂತ್ ವಿದಾದ್,

ನಾನು ಯಾರೆಂದು ನಿಮಗೆ ಗೊತ್ತಿಲ್ಲ, ಆದರೂ ಸ್ವಂತ ಚಿಕ್ಕಮ್ಮನನ್ನು ಕರೆದಂತೆ ತಾಂತ್ ಎಂದುಬಿಟ್ಟೆ. ನಿಮ್ಮ ದನಿ ಮಾತ್ರ ನನಗೆ ನಮ್ಮಮ್ಮನ ದನಿಯಷ್ಟೇ ಗೊತ್ತು! ನಾನು ಹುಟ್ಟಿ ಬೆಳೆದದ್ದು ಇಲ್ಲಿ, ಓದಿದ್ದು ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ. ಆದರೂ ನಮ್ಮ ಮನೆಯಲ್ಲಿ ರಂಜಾನ್ ಬಂತೆಂದರೆ ಅಲೆಕ್ಸಾಂಡ್ರಿಯಾದ ಮಾವ ಟಿ.ವಿ.ಯಿಂದ ಮುದ್ರಿಸಿ ಕಳಿಸಿದ ಕ್ಯಾಸೆಟ್‌ಗಳು ಹೊರಬರುತ್ತಿದ್ದವು. ಉಪವಾಸ ಬಿಡಲು ಇನ್ನು ಸ್ವಲ್ಪವೇ ಹೊತ್ತು, ಮೇಜಿನ ಮೇಲೆ ಸೂಪು ಹಬೆಯಾಡುತ್ತಿದೆ, ಮುಟ್ಟುವಂತಿಲ್ಲ. ಪರದೆಯ ಮೇಲೆ ನಿಮ್ಮ ಬೊಂಬೆ ತಿರ್ಮಿಸ್! ಟ್ರಾಮ್ ಕಂಡಕ್ಟರ್ ತಿರ್ಮಿಸ್, ಆ ಪೊರಕೆ ಮೀಸೆ, ಆ ಹಳದಿ ಮೂಗು! ಮನೆಗೆ ಓಡುತ್ತಾನೆ, ದಾರಿಯಲ್ಲಿ ಒಂದು ಕತ್ತೆ ಅಡ್ಡ ಮಲಗಿರುತ್ತದೆ, ಅಥವಾ ಮದುವೆ ಮೆರವಣಿಗೆ ಸಿಗುತ್ತದೆ, ಅಥವಾ ಪ್ರಯಾಣಿಕನೊಬ್ಬ ಚಿಲ್ಲರೆಗಾಗಿ ಜಗಳ ತೆಗೆಯುತ್ತಾನೆ. ಅಷ್ಟರಲ್ಲಿ ಢಂ! ಉಪವಾಸ ಬಿಡುವ ಹೊತ್ತು ಸಾರುವ ಫಿರಂಗಿ. ನಾವೆಲ್ಲ ಮೇಜಿಗೆ ನುಗ್ಗುತ್ತಿದ್ದೆವು.

ಈಗ ವಿಷಯ. ಇಲ್ಲಿ ಕಟ್ಟುತ್ತಿರುವ ದೊಡ್ಡ ಮನರಂಜನಾ ಉದ್ಯಾನದಲ್ಲಿ ನನಗೆ ಕೆಲಸ. ಜಗತ್ತಿನ ಕಥೆಗಳಲ್ಲಿ ಮಕ್ಕಳಿಗೆ ಪ್ರಿಯವಾದ ಪಾತ್ರಗಳನ್ನು ಹುಡುಕುವುದು, ಅವುಗಳ ಒಡೆಯರಿಂದ ಪರವಾನಗಿ ಪಡೆಯುವುದು, ಆ ಪಾತ್ರದ ಸುತ್ತ ಆಟದ ಸವಾರಿ ಕಟ್ಟಿಸುವುದು. ಇಲ್ಲಿಯವರೆಗೆ ತಂದದ್ದೆಲ್ಲ ಅಮೆರಿಕದ್ದು, ಜಪಾನಿನದ್ದು. ಒಂದು ಪಾತ್ರವೂ ಅರಬ್ಬಿ ಮಾತಾಡುವುದಿಲ್ಲ! ನಾಲ್ಕನೇ ಮಂಟಪ ಇನ್ನೂ ಖಾಲಿ ಇದೆ. ಅದಕ್ಕೆ ಅಮೆರಿಕದ ಬಾಹ್ಯಾಕಾಶ ಮೊಲಗಳು ಕಾದು ಕೂತಿವೆ. ನಾನು ಸಭೆಯಲ್ಲಿ ಎದ್ದು ನಿಂತು ‘ತಿರ್ಮಿಸ್’ ಎಂದುಬಿಟ್ಟೆ. ಫೆಬ್ರುವರಿ ಕೊನೆಯೊಳಗೆ ನಿಮ್ಮ ಸಹಿ ಸಿಕ್ಕರೆ ಮಂಟಪ ಅವನದು, ಇಲ್ಲವಾದರೆ ಮೊಲಗಳದು.

ತಾಂತ್, ಅವನನ್ನು ನಮಗೆ ಕೊಡುತ್ತೀರಾ? ಜನ ಅವನ ಟ್ರಾಮ್ ಹತ್ತುವುದನ್ನು ಕಣ್ಣಾರೆ ಕಂಡಂತಾಗುತ್ತಿದೆ ನನಗೆ!

ಇಂತಿ ನಿಮ್ಮ
ಶಾಹಿಂದಾ

(ನನಗೆ ಮದುವೆಯಾಗಿ ಮೂರು ವಾರ! ಬರೆಯದೆ ಇರಲಾಗಲಿಲ್ಲ. ಅವನ ಹೆಸರು ಹಾಝಿಮ್. ಕೈರೋದವನು, ಹಲ್ಲಿನ ಡಾಕ್ಟರು. ನಗುವಾಗ ಅವನದೇ ಒಂದು ಹಲ್ಲು ಸೊಟ್ಟ.)


ಬಾಕೋಸ್, ಅಲೆಕ್ಸಾಂಡ್ರಿಯಾ
13 ನವೆಂಬರ್ 2018

ಮಗಳು ಶಾಹಿಂದಾಳಿಗೆ,

ನಿನ್ನ ಪತ್ರ ತಲುಪಿ ಮನೆಗೆ ಬೆಳಕು ಬಂತು. ಮದುವೆಗೆ ನೂರು ಶುಭಾಶಯ.

ಕೇಳುವುದೇನು, ಕೊಡುವುದೇನು? ತಿರ್ಮಿಸ್ ನಿನ್ನವನೇ. ತೆಗೆದುಕೊಂಡು ಹೋಗು. ನಿನಗೆ ಹೇಗೆ ಬೇಕೋ ಹಾಗೆ ಮಾಡಿಕೋ. ನಮ್ಮ ನಡುವೆ ಲೆಕ್ಕ ಯಾಕೆ?

ಫೋನ್ ಮಾಡಬೇಡ, ಬರೆ. ಫೋನಿನಲ್ಲಿ ನನ್ನ ದನಿ ಕೇಳಿದವರೆಲ್ಲ ‘ಒಂದ್ಸಲ ತಿರ್ಮಿಸ್ ಥರ ಮಾತಾಡಿ’ ಎನ್ನುತ್ತಾರೆ. ನನ್ನ ಕಾಗದದ ಫೋಟೋ ತೆಗೆದು ಕೆಳಗಿನ ಔಷಧಿ ಅಂಗಡಿಯವನು ನಿನಗೆ ಕಳಿಸುತ್ತಾನೆ.

ವಿದಾದ್


ಅಬುಧಾಬಿ
14 ನವೆಂಬರ್ 2018

ನನ್ನ ಬಂಗಾರದ ತಾಂತ್,

ನಿಮ್ಮ ಕಾಗದ ಓದಿ ಕಚೇರಿಯಲ್ಲೇ ಕುಣಿದೆ! ನನ್ನ ಮೇಲಿನವರು ಮದಾಮ್ ರೋಲಾ ಎಂದು, ಬೈರೂತಿನವರು. ಈ ಕಸುಬಿನಲ್ಲೇ ಕೂದಲು ಬೆಳ್ಳಗಾದವರು. ಅವರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಹೇಗೆ ಬೇಕೋ ಹಾಗೆ ಮಾಡ್ಕೋ ಅಂದ್ರಾ? ಅವರ ಒಪ್ಪಿಗೆಗೆ ಏನೂ ತೋರಿಸ್ಬೇಕಾಗಿಲ್ವಾ?”

“ಏನೂ ಬೇಡ್ವಂತೆ ಮದಾಮ್!”

“ಇಷ್ಟು ವರ್ಷದಲ್ಲಿ ಇಂಥ ಒಡತೀನ ನಾನು ಕಂಡಿಲ್ಲ. ಅವರಿಗೆ ಬುದ್ಧಿ ಬರೋದ್ರೊಳಗೆ ಕರಾರು ಬರೆಸ್ಬಿಡು ಮಾರಾಯ್ತಿ.”

ಮದಾಮ್‌ಗೆ ಆಶ್ಚರ್ಯವಾದದ್ದು ಸುಮ್ಮನೆ ಅಲ್ಲ. ಈ ಕೆಲಸದಲ್ಲಿ ಒಡೆಯರ ಒಪ್ಪಿಗೆ ಇಲ್ಲದೆ ಒಂದು ಗುಂಡಿ ಕೂಡ ಹೊಲಿಯುವಂತಿಲ್ಲ. ಮೊಲಗಳ ಕಂಪನಿ ಕಳಿಸಿದ ಕೈಪಿಡಿ ಇಟ್ಟಿಗೆಯಷ್ಟು ದಪ್ಪ. ನಗುವಾಗ ಎಷ್ಟು ಹಲ್ಲು ಕಾಣಬೇಕು ಎನ್ನುವುದಕ್ಕೇ ಒಂದು ಪುಟ! ನೀವೋ, ಎರಡೇ ಸಾಲಿನಲ್ಲಿ ಪೂರ್ತಿ ತಿರ್ಮಿಸ್‌ನನ್ನು ನನ್ನ ಮಡಿಲಿಗೆ ಹಾಕಿದಿರಿ. ನಿಮ್ಮ ಮಾತನ್ನು ಹಾಗೆಯೇ ಕರಾರಿಗೆ ಸೇರಿಸಿದ್ದೇವೆ: ‘ಒಪ್ಪಿಗೆಯ ಹಕ್ಕನ್ನು ಒಡತಿ ಬಿಟ್ಟುಕೊಟ್ಟಿದ್ದಾರೆ.’ ಇಷ್ಟು ದೊಡ್ಡ ಮನಸ್ಸು ಯಾರಿಗಿದೆ ಹೇಳಿ!

ನಿಮ್ಮ ಶಾಹಿಂದಾ


ಅಬುಧಾಬಿ
9 ಡಿಸೆಂಬರ್ 2018

ತಾಂತ್, ನಿಮ್ಮ ಉತ್ತರ ಬಂದಿಲ್ಲ, ಪರವಾಗಿಲ್ಲ, ನಾನೇ ಬರೆಯುತ್ತೇನೆ. ಸುದ್ದಿ ಅಷ್ಟು ಸಿಹಿಯಾಗಿದೆ!

ಸವಾರಿಯ ಕಥೆ ಸಿದ್ಧವಾಯಿತು. ಜನ ತಿರ್ಮಿಸ್‌ನ ಟ್ರಾಮಿನಲ್ಲಿ ಕೂರುತ್ತಾರೆ. ಕತ್ತೆ, ಮೆರವಣಿಗೆ, ಚಿಲ್ಲರೆ ಜಗಳ, ಎಲ್ಲ ದಾಟುತ್ತಾರೆ. ಕೊನೆಯ ತಿರುವಿನಲ್ಲಿ ಏನಾಗುತ್ತದೆ ಗೊತ್ತೇ? ಅವನು ಮನೆ ಮುಟ್ಟುತ್ತಾನೆ! ಇಷ್ಟು ವರ್ಷ ಓಡಿದವನು ಕೊನೆಗೂ ಬಾಗಿಲು ತಟ್ಟುತ್ತಾನೆ, ಒಳಗೆ ದೀಪ ಹತ್ತುತ್ತದೆ, ಬಾಗಿಲು ತೆರೆಯುವವಳು ಯಾರು? ಅವನ ವಧು! ಡೋಲು, ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಲಿಲ್ಲಿ ಕೂಗು, ಚಾವಣಿಯಿಂದ ಮಲ್ಲಿಗೆ. ಇದು ಪೂರ್ತಿ ನನ್ನ ಯೋಚನೆ.

ಸಂಜೆ ಕೆಲಸ ಮುಗಿಸಿ ನಾನು ಮನೆಗೆ ಬಂದಾಗ ಹಾಝಿಮ್ ಬಾಗಿಲು ತೆರೆಯುತ್ತಾನಲ್ಲ, ಆ ಒಂದು ಕ್ಷಣಕ್ಕಾಗಿ ಇಡೀ ದಿನ ಕಾಯುತ್ತೇನೆ ತಾಂತ್. (ನಿನ್ನೆ ನನ್ನ ಮುಲೂಖಿಯಾ ಸೊಪ್ಪಿನ ಸಾರು ತಳ ಹಿಡಿದಿತ್ತು. ‘ಹೊಗೆಯ ರುಚಿ ಚೆನ್ನಾಗಿದೆ ಶೂಶೂ’ ಎಂದು ಎರಡು ಸಲ ಹಾಕಿಸಿಕೊಂಡ!) ತಿರ್ಮಿಸ್‌ಗೆ ಅಂಥದ್ದೊಂದು ಕ್ಷಣ ಯಾಕಿರಬಾರದು?

ಶಾಹಿಂದಾ


ಬಾಕೋಸ್
19 ಡಿಸೆಂಬರ್ 2018

ಮಗಳೇ,

ಮದುವೆಗೆ ಶುಭಾಶಯ. ತಿರ್ಮಿಸ್‌ಗೂ ಹೇಳಿದೆ. ಅವನು ಪೆಟ್ಟಿಗೆಯಲ್ಲಿದ್ದಾನೆ, ಏನೂ ಅನ್ನಲಿಲ್ಲ.

ಹುಡುಗಿ ಯಾರ ಮಗಳು? ಮನೆತನ ಒಳ್ಳೆಯದೇ? ಟ್ರಾಮ್ ಕಂಡಕ್ಟರನ ಸಂಬಳ ಎಷ್ಟೆಂದು ಅವಳ ಅಪ್ಪನಿಗೆ ತಿಳಿಸಿದ್ದೀರಿ ತಾನೇ?

ಇಲ್ಲಿ ಬಿರುಗಾಳಿ ಶುರುವಾಗಿದೆ. ಸಮುದ್ರ ರಸ್ತೆಗೆ ಬಂದಿದೆ.

ವಿದಾದ್


ಅಬುಧಾಬಿ
20 ಡಿಸೆಂಬರ್ 2018

ಅಯ್ಯೋ ತಾಂತ್, ಎಷ್ಟು ಚಂದದ ಪ್ರಶ್ನೆ ಕೇಳಿದಿರಿ! ಇದನ್ನು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ತಕ್ಷಣ ಕಥೆ ಬರೆಯುವವರನ್ನೆಲ್ಲ ಕೂರಿಸಿಕೊಂಡೆ. ಈಗ ಕೇಳಿ: ವಧುವಿನ ಹೆಸರು ಹಲಾವಾ. ಅಪ್ಪ ಮಿಠಾಯಿ ಅಂಗಡಿಯವನು, ಗೌರವಸ್ಥ, ಸ್ವಲ್ಪ ಮುಂಗೋಪಿ. ಸಂಬಳದ ವಿಷಯವನ್ನು ಹಾಡಿನಲ್ಲಿ ತಂದಿದ್ದೇವೆ. ನೀವು ಇಷ್ಟು ಮನಸ್ಸಿಟ್ಟು ತೊಡಗಿಕೊಂಡಿರುವುದನ್ನು ಕಂಡು ಮದಾಮ್ ರೋಲಾ ಕೂಡ ಸೋತರು.

ಕರಾರಿನ ಪ್ರತಿ ಕೊರಿಯರಿನಲ್ಲಿ ಬರುತ್ತಿದೆ. ಸಹಿ ಹಾಕಿ ಕಳಿಸಿ, ಅಷ್ಟೇ!

ಮುತ್ತುಗಳೊಂದಿಗೆ,
ಶಾಹಿಂದಾ


ಬಾಕೋಸ್
8 ಜನವರಿ 2019

ಮಗಳೇ,

ಕಾಗದಗಳು ಬಂದವು. ಒಳ್ಳೆಯ ಕಾಗದ, ದಪ್ಪಗಿದೆ. ನನ್ನ ಕನ್ನಡಕದ ಕಾಲು ಮುರಿದಿದೆ. ನೋಡೋಣ.

ನಿನ್ನ ಗಂಡನಿಗೆ ಆಶೀರ್ವಾದ. ಮುಲೂಖಿಯಾಗೆ ಒಲೆ ಸಣ್ಣಗಿರಲಿ, ಕುದಿ ಬರುವ ಮೊದಲೇ ಇಳಿಸು.

ವಿದಾದ್


ಕೈರೋ
18 ಜನವರಿ 2019

ತಾಂತ್ ವಿದಾದ್,

ಅತ್ತೆಯ ಮನೆಯಿಂದ ಬರೆಯುತ್ತಿದ್ದೇನೆ. ಮದುವೆಯ ನಂತರ ಇದೇ ಮೊದಲು ಬಂದದ್ದು. ಇವತ್ತು ಬೆಳಿಗ್ಗೆ ನಡೆದದ್ದನ್ನು ನಿಮಗೆ ಹೇಳಲೇಬೇಕು.

ನಾವಿಬ್ಬರೂ ಟ್ಯಾಕ್ಸಿಯಲ್ಲಿ ಬಂದೆವು. ಹಾಝಿಮ್ ಹಿಂದೆ ಡಿಕ್ಕಿಯಿಂದ ಚೀಲ ಇಳಿಸುತ್ತಿದ್ದ. ಎಷ್ಟಾಯಿತು ಎಂದು ನಾನು ಡ್ರೈವರನ್ನು ಕೇಳಿದೆ. ಅವನು ಎದೆ ಮೇಲೆ ಕೈಯಿಟ್ಟು, “ಬಿಡಿ ಮೇಡಂ, ನಿಮ್ಮದೇ ಗಾಡಿ ಅಂದ್ಕೊಳ್ಳಿ,” ಎಂದ. ನನಗೆ ಕಣ್ಣು ತುಂಬಿ ಬಂತು. “ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಣ್ಣಾ!” ಎಂದು ಮೆಟ್ಟಿಲು ಹತ್ತಿಬಿಟ್ಟೆ.

ಹಿಂದಿನಿಂದ ಕೂಗು: “ಓ ಬಾಶಾ! ನಿಮ್ಮ ಹೆಂಡ್ತಿ ಹೊರಟೇಹೋದ್ರಲ್ಲ! ಯಾವೂರಿನವರು ಇವರು?”

ಹಾಝಿಮ್ ಹಣ ಕೊಟ್ಟು ಮೇಲೆ ಬಂದವನು ಗೋಡೆ ಹಿಡಿದುಕೊಂಡು ನಕ್ಕ. “ಅದು ಹೇಳೋ ಮಾತು ಕಣೇ ಶೂಶೂ! ಅವನು ಬಿಡಿ ಅಂತಾನೆ, ನೀನು ಛೇ ಛೇ ಎಲ್ಲಾದ್ರೂ ಉಂಟಾ ಅನ್ಬೇಕು. ಅವನು ಮತ್ತೆ ಬೇಡ ಅಂತಾನೆ, ನೀನು ಮತ್ತೆ ಒತ್ತಾಯ ಮಾಡ್ಬೇಕು. ಮೂರನೇ ಸಲಕ್ಕೆ ಅವನು ರೇಟು ಹೇಳ್ತಾನೆ. ಮೊದಲನೇ ಸಲಕ್ಕೇ ಥ್ಯಾಂಕ್ಸ್ ಅಂತ ಹೋದ್ರೆ ಅದು ದರೋಡೆ!”

ಅತ್ತೆ ಒಳಗಿನಿಂದ, “ನಿಮ್ಮ ಇಂಗ್ಲಿಷ್ ಶಾಲೇಲಿ ಇದನ್ನ ಹೇಳಿಕೊಡ್ಲಿಲ್ವೇನೇ ಮಗಳೇ?” ಎಂದರು.

ನಾನೂ ನಗುತ್ತಿದ್ದೆ. ನಗುತ್ತಿರುವಾಗಲೇ ನಿಮ್ಮ ಮೊದಲ ಕಾಗದ ನೆನಪಾಯಿತು. ‘ತಿರ್ಮಿಸ್ ನಿನ್ನವನೇ. ತೆಗೆದುಕೊಂಡು ಹೋಗು.’ ನಗು ಅಲ್ಲೇ ನಿಂತಿತು. ಹಾಝಿಮ್‌ನಿಗೆ ನಿಮ್ಮ ಕಾಗದಗಳನ್ನೆಲ್ಲ ತೋರಿಸಿದೆ. ವಧುವಿನ ಮನೆತನ ವಿಚಾರಿಸಿದ್ದೀರಲ್ಲ, ಅದನ್ನು ಓದಿ ಅವನು ತಲೆ ಮೇಲೆ ಕೈಯಿಟ್ಟುಕೊಂಡ. “ಇದಕ್ಕೆ ನೀನು ಉತ್ತರ ಬೇರೆ ಬರೆದ್ಯಾ? ಹೆಸರು ಸಮೇತ?”

ಬರೆದೆ ತಾಂತ್. ಹಾಡು ಕೂಡ ಬರೆಸಿದೆ.

ನಾನೊಬ್ಬಳೇ ಆದರೆ ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಆದರೆ ನಿಮ್ಮ ಆ ಮಾತು ಈಗ ಕರಾರಿನಲ್ಲಿದೆ. ನೀವು ಸಹಿ ಹಾಕಿದರೆ ನಾವು ತಿರ್ಮಿಸ್‌ನನ್ನು ಏನು ಮಾಡಿದರೂ ನೀವು ಕೇಳುವಂತಿಲ್ಲ. ಆದ್ದರಿಂದ ಆ ಕಾಗದಗಳಿಗೆ ಸಹಿ ಹಾಕಬೇಡಿ. ನನಗೆ ತಿರ್ಮಿಸ್ ಬೇಡ. ನಿಮಗೇನು ಬೇಕು ಅದನ್ನು ಹೇಳಿ.

ಶಾಹಿಂದಾ


ಬಾಕೋಸ್
24 ಜನವರಿ 2019

ಎಂಥ ಮಾತಾಡುತ್ತೀ ಮಗಳೇ! ಸಂಕೋಚ ಮಾಡಬೇಡ. ಅವನು ನಿನ್ನವನೇ, ತೆಗೆದುಕೋ.

ಡ್ರೈವರ್ ಕಥೆ ಓದಿ ಔಷಧಿ ಅಂಗಡಿಯವನಿಗೆ ಹೇಳಿದೆ. ಅವನು ಬೀದಿಗೆಲ್ಲ ಹೇಳಿದ್ದಾನೆ.

ವಿದಾದ್


ಅಬುಧಾಬಿ
25 ಜನವರಿ 2019

ಛೇ ಛೇ, ಎಲ್ಲಾದರೂ ಉಂಟೇ ತಾಂತ್! ಬೇಡ.

ಶಾಹಿಂದಾ


ಬಾಕೋಸ್
31 ಜನವರಿ 2019

ಹಟಮಾರಿ ಹುಡುಗಿ. ಮುದುಕಿಯ ಮಾತು ಕೇಳು. ತೆಗೆದುಕೋ, ಮುಗಿಯಿತು.

ವಿದಾದ್


ಅಬುಧಾಬಿ
1 ಫೆಬ್ರುವರಿ 2019

ಬೇಡ ಎಂದರೆ ಬೇಡ. ಮುಂದಿನ ಶುಕ್ರವಾರ ನಾನೇ ಬರುತ್ತಿದ್ದೇನೆ. ನೀವು ಹೇಳುವವರೆಗೆ ನಿಮ್ಮ ಮನೆಯ ಕುರ್ಚಿಯಿಂದ ಏಳುವುದಿಲ್ಲ.

(ಮದಾಮ್ ರೋಲಾಗೆ ಇನ್ನೂ ಹೇಳಿಲ್ಲ. ಕೈಯಲ್ಲಿರುವ ಕರಾರನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ ಎಂದು ಅವರು ಕೂಗುವುದು ನನಗೆ ಈಗಲೇ ಕೇಳಿಸುತ್ತಿದೆ. ಕೂಗಲಿ.)

ಶಾಹಿಂದಾ


ಬಾಕೋಸ್
11 ಫೆಬ್ರುವರಿ 2019

ಶಾಹಿಂದಾ,

ಮೊನ್ನೆ ಶುಕ್ರವಾರ ನೀನು ಬಂದು ಹೋದ ಮೇಲೆ ಮನೆಯಲ್ಲಿ ನಿನ್ನ ಸೆಂಟಿನ ವಾಸನೆ ಎರಡು ದಿನ ಉಳಿಯಿತು. ಮೀನು ತಿಂದೆ, ಚಹಾ ಕುಡಿದೆ, ನಿನ್ನ ಹಾಝಿಮ್‌ನ ಸೊಟ್ಟ ಹಲ್ಲಿನ ಬಗ್ಗೆ ಹೇಳಿದೆ, ಕುರ್ಚಿಯಿಂದ ಮಾತ್ರ ಏಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮನೆಗೆ ಬಂದವರ ಮುಖ ನೋಡಿಕೊಂಡು ಇಲ್ಲ ಎನ್ನಲು ನನ್ನ ತಾಯಿ ನನಗೆ ಕಲಿಸಿಲ್ಲ. ಬಾಗಿಲಲ್ಲಿ ನೀನು ‘ಬರೆದಾದರೂ ಹೇಳಿ’ ಎಂದೆಯಲ್ಲ. ಬರೆಯುತ್ತಿದ್ದೇನೆ.

ತಿರ್ಮಿಸ್ ಮನೆ ಮುಟ್ಟಬಾರದು. ಮದುವೆ ಬೇಡ, ಮಲ್ಲಿಗೆ ಬೇಡ, ಬಾಗಿಲೇ ಬೇಡ.

ನಿನಗೆ ಕ್ಯಾಸೆಟ್ಟಿನಲ್ಲಿ ಫಿರಂಗಿ ಕೇಳಿಸಿದ್ದು. ಇಲ್ಲಿ ಅದು ನಿಜವಾಗಿ ಹಾರುತ್ತಿತ್ತು. ತಿರ್ಮಿಸ್ ಇನ್ನೂ ದಾರಿಯಲ್ಲಿರುವಾಗಲೇ ಊರು ಊಟಕ್ಕೆ ಕೂತುಬಿಡುತ್ತಿತ್ತು. ಪಾಪ, ಅವನು ಬಂದಾಗ ಏನು ತಿನ್ನುತ್ತಾನೆ ಎಂದು ಮಕ್ಕಳು ಒಂದು ತಟ್ಟೆ ಎತ್ತಿಡಲು ಶುರು ಮಾಡಿದರು. ಯಾರೂ ಹೇಳಿಕೊಟ್ಟದ್ದಲ್ಲ. ಟಿ.ವಿ. ಕಚೇರಿಗೆ ತಾಯಂದಿರ ಪತ್ರಗಳು ಬಂದಾಗ ನಮಗೆ ಗೊತ್ತಾಯಿತು. ಆ ತಟ್ಟೆಯನ್ನು ಏನು ಮಾಡುವುದೆಂದು ಅವರಿಗೆ ಚಿಂತೆ. ಒಬ್ಬರು ಬೀದಿ ಗುಡಿಸುವವನಿಗೆ ಕೊಟ್ಟರು, ಒಬ್ಬರು ಕಾವಲುಗಾರನಿಗೆ, ಒಬ್ಬರು ರಾತ್ರಿ ಪಾಳಿಯ ನಿಜವಾದ ಟ್ರಾಮ್ ಕಂಡಕ್ಟರನಿಗೆ.

ಬೊಂಬೆಯೊಳಗೆ ಕೈಯಿಟ್ಟು ಆಡಿಸುತ್ತಿದ್ದವರು ನನ್ನ ಗಂಡ ರಿಫ್‌ಅತ್. ದನಿ ನನ್ನದು. ಕಾರ್ಯಕ್ರಮ ನೇರವಾಗಿ ಹೋಗುತ್ತಿತ್ತು, ಫಿರಂಗಿ ಹಾರಿದಾಗ ನಾವಿಬ್ಬರೂ ಸ್ಟುಡಿಯೋದಲ್ಲೇ ಇರುತ್ತಿದ್ದೆವು. ರಂಜಾನಿನಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಲಿಲ್ಲ. ನಮ್ಮ ಮಗಳು ಪಕ್ಕದ ಮನೆಯಲ್ಲಿ ಕೂತು ನಮಗೂ ಎತ್ತಿಡುತ್ತಿದ್ದಳು. ಒಂದು ರಂಜಾನಿನ ಕೊನೆಯ ದಿನ, ‘ಇವತ್ತಾದರೂ ಅವನನ್ನು ಮನೆಗೆ ಸೇರಿಸೋಣ ರಿಫ್‌ಅತ್’ ಎಂದೆ. ಅವರು, “ಸೇರಿಸಿದ್ರೆ ನಾಳೆಯಿಂದ ಯಾರು ಕಾಯ್ತಾರೆ ವಿದಾದ್?” ಎಂದರು.

ನಿನ್ನ ಮೊದಲ ಪತ್ರಕ್ಕೆ ಇದನ್ನೇ ಬರೆಯಬೇಕಿತ್ತು. ನೀನು ಮತ್ತೊಮ್ಮೆ ಕೇಳುತ್ತೀಯ ಎಂದು ಕಾದೆ. ನೀನು ಕುಣಿದೆ.

ಇದು ಆಗುವುದಿಲ್ಲವಾದರೆ ಮೊಲಗಳಿಗೇ ಮಂಟಪ ಕೊಟ್ಟುಬಿಡು. ನನಗೆ ಬೇಸರವಿಲ್ಲ. ಬೇಸರ ಸ್ವಲ್ಪ ಇದೆ.

ವಿದಾದ್


ಅಬುಧಾಬಿ
26 ಫೆಬ್ರುವರಿ 2019

ತಾಂತ್! ನನ್ನ ತಾಂತ್!

ಕೂತಿದ್ದೀರಾ? ಕೂತುಕೊಳ್ಳಿ.

ಹಳೆಯ ಕರಾರನ್ನು ವಾಪಸ್ ಪಡೆಯಬೇಕು ಎಂದಾಗ ಮದಾಮ್ ರೋಲಾ ನಾನು ಎಣಿಸಿದ್ದಕ್ಕಿಂತ ಜೋರಾಗಿ ಕೂಗಿದರು. “ನಿಂಗೇನು ಹುಚ್ಚೇ? ಮದುವೆ ಆದ್ಮೇಲೆ ತಲೆ ಮನೇಲೇ ಬಿಟ್ಟು ಬರ್ತೀಯಾ? ಅವರ ಕೈಬರಹದಲ್ಲೇ ಇದೆ, ಹೇಗೆ ಬೇಕಾದ್ರೂ ಮಾಡ್ಕೋ ಅಂತ!”

ನಾನು ಹೇಳಿದೆ: “ಮದಾಮ್, ಬೈರೂತಲ್ಲಿ ನಿಮ್ಮನೆಗೆ ಬಂದವರು ಪರದೆ ಚೆನ್ನಾಗಿದೆ ಅಂದ್ರೆ ನೀವೇನಂತೀರಾ?”

“ನಿಮ್ಮದೇ ಅಂದ್ಕೊಳ್ಳಿ ಅಂತೀನಿ.”

“ಅವರು ಏಣಿ ತಂದು ಬಿಚ್ಚಿಕೊಂಡು ಹೋದ್ರೆ?”

ಮದಾಮ್ ಕನ್ನಡಕ ಹಾಕಿಕೊಂಡರು. ಆಮೇಲೆ ನಿಮ್ಮ ಕಾಗದ ಕೇಳಿ ಓದಿದರು. ಮೂಗು ಒರೆಸಿಕೊಂಡರು, ಶೀತ ಎಂದರು. ಆದರೆ ಅಷ್ಟಕ್ಕೇ ಒಪ್ಪಲಿಲ್ಲ. “ಕಣ್ಣೀರಿಂದ ಮಂಟಪ ತುಂಬಲ್ಲ ಹುಡುಗಿ. ನಾಳೆ ಆಡಳಿತ ಮಂಡಳಿ ಕೂರುತ್ತೆ. ದುಡ್ಡು ಕೊಟ್ಟು ಬಂದ ಜನಕ್ಕೆ ಕೊನೇನೇ ಇಲ್ಲದ ಸವಾರಿ ಯಾಕೆ ಕೊಡ್ಬೇಕು ಅಂತ ಕೇಳ್ತಾರೆ. ಉತ್ತರ ತಗೊಂಡು ಬಾ.”

ನನ್ನ ಹತ್ತಿರ ಉತ್ತರ ಇತ್ತು! ರಿಫ್‌ಅತ್ ಅವರೇ ಕೊಟ್ಟದ್ದು. ಸಭೆಯಲ್ಲಿ ಒಂದೇ ಮಾತು ಕೇಳಿದೆ: ಮನೆ ಮುಟ್ಟಿದವನನ್ನು ನೋಡಲು ಎರಡನೇ ಸಲ ಯಾರು ಬರುತ್ತಾರೆ? ಅವನು ಇನ್ನೂ ದಾರಿಯಲ್ಲಿದ್ದರೆ ಜನ ಪ್ರತಿ ವರ್ಷ ಬರುತ್ತಾರೆ, ಈ ಸಲವಾದರೂ ಮುಟ್ಟುತ್ತಾನಾ ಎಂದು. ಟ್ರಾಮ್ ಅವನ ಬೀದಿಗೆ ತಿರುಗುತ್ತದೆ, ದೂರದಲ್ಲಿ ಕಿಟಕಿ ಕಾಣುತ್ತದೆ, ಆಗ ಫಿರಂಗಿ! ಸವಾರಿ ಅಲ್ಲಿಗೇ ನಿಲ್ಲುತ್ತದೆ, ಮಂಟಪದ ದೀಪ ಹತ್ತುತ್ತದೆ, ಜನ ಹೊರಹೋಗುವ ಬಾಗಿಲು ತೆರೆಯುತ್ತದೆ, ಎದುರಿಗೆ ಊಟದ ಬೀದಿ. ಹೊರಗೆ ಒಂದು ಉದ್ದ ಮೇಜು. ಅಲ್ಲಿ ತಿರ್ಮಿಸ್‌ಗೆಂದು ಜನ ಕೊಂಡು ಇಟ್ಟ ತಟ್ಟೆಗಳೆಲ್ಲ ಉದ್ಯಾನದ ರಾತ್ರಿ ಪಾಳಿಯವರಿಗೆ ಹೋಗುತ್ತವೆ.

ಲೆಕ್ಕದ ಸಾಹೇಬರು ಬಹಳ ಹೊತ್ತು ಪೆನ್ನು ಕಚ್ಚಿದರು. ಆಮೇಲೆ, “ಹಾಗಾದ್ರೆ ಅವನು ಯಾವತ್ತೂ ಮನೆ ಸೇರೋದೇ ಇಲ್ವಾ?” ಎಂದು ತೀರ ಮಗುವಿನ ಹಾಗೆ ಕೇಳಿದರು. ಮದಾಮ್ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಗೆದ್ದೆವು! ಮೊಲಗಳಿಗೆ ಆರನೇ ಮಂಟಪವಂತೆ, ಶೌಚಾಲಯದ ಪಕ್ಕ.

ಹೊಸ ಕರಾರನ್ನು ಔಷಧಿ ಅಂಗಡಿಯವನ ಫೋನಿಗೇ ಕಳಿಸಿದ್ದೇನೆ, ಅವನು ಅಚ್ಚು ತೆಗೆದು ಕೊಡುತ್ತಾನೆ. ಇದರಲ್ಲಿ ಒಪ್ಪಿಗೆಯ ಹಕ್ಕು ಪೂರ್ತಿ ನಿಮ್ಮದು. ಗುಂಡಿಯಿಂದ ಗಂಟೆಯವರೆಗೆ ನಿಮ್ಮನ್ನು ಕೇಳದೆ ಏನೂ ಇಲ್ಲ. ಓದಿ, ನಂಬಿಕೆ ಬಂದರೆ ಸಹಿ ಹಾಕಿ, ಫೋಟೋ ನಾಳೆಯೇ ಬರಲಿ. ಮೊದಲ ಚಿತ್ರಗಳೂ ಹಿಂದೆಯೇ ಬರುತ್ತವೆ. ದಯವಿಟ್ಟು, ದಯವಿಟ್ಟು, ‘ಚೆನ್ನಾಗಿದೆ’ ಎಂದು ಮಾತ್ರ ಬರೆಯಬೇಡಿ!

ನಿಮ್ಮ ಶಾಹಿಂದಾ


ಬಾಕೋಸ್
19 ಮಾರ್ಚ್ 2019

ಶಾಹಿಂದಾ,

ಸಹಿ ಅಂದೇ ಕಳಿಸಿದೆ, ತಲುಪಿತಲ್ಲ. ಈಗ ಚಿತ್ರಗಳು.

ಮೀಸೆ ಇಷ್ಟು ನುಣುಪು ಬೇಡ, ಅದು ಪೊರಕೆ ಕಡ್ಡಿ, ಹಾಗೆಯೇ ಕಾಣಲಿ. ಮೂಗು ನಿಂಬೆಹಣ್ಣಿನ ಹಳದಿ ಬೇಡ, ಅವನಿಗೆ ಹೆಸರು ಕೊಟ್ಟ ತಿರ್ಮಿಸ್ ಕಾಳಿನ ಹಳದಿ ಬೇಕು. ಒಂದು ಹಿಡಿ ಕಾಳು ಪೊಟ್ಟಣ ಕಟ್ಟಿ ಕಳಿಸಿದ್ದೇನೆ, ಬಣ್ಣದವರಿಗೆ ತೋರಿಸು, ಅವರು ತಿನ್ನುವುದು ಬೇಡ. ಹೊಸ ಬೂಟು ಬೇಡ. ಕತ್ತೆ ನಗುವುದು ಬೇಡ, ನಮ್ಮ ಕತ್ತೆಗೆ ನಗುವಂಥದ್ದೇನೂ ಆಗಿಲ್ಲ. ದೂರದ ಕಿಟಕಿಯಲ್ಲಿ ಹೆಂಗಸಿನ ನೆರಳು ಕಾಣುತ್ತಿದೆ. ಅದು ಹಲಾವಾ ತಾನೇ? ಬೇಡ. ಜಾಣತನ ಮಾಡಬೇಡ.

ತಿರ್ಮಿಸ್‌ನ ದನಿಗೆಂದು ನೀವು ಮುದ್ರಿಸಿ ಕಳಿಸಿದ ಮೂವರಲ್ಲಿ ಇಬ್ಬರು ಬೇಡ. ಮೂರನೆಯ ಹುಡುಗ ಪೋರ್ಟ್ ಸೈದಿನವನಲ್ಲವೇ, ಅವನಿಗೆ ಉಸಿರುಗಟ್ಟಿ ಓಡುವುದು ಗೊತ್ತು. ಅವನಿರಲಿ.

ಟ್ರಾಮಿನ ಸೀಟುಗಳಿಗೆಲ್ಲ ಬೆಲ್ಟು ಹಾಕಿದ್ದೀರಿ. ಬೇಡ. ಟ್ರಾಮಿನಲ್ಲಿ ಯಾರಾದರೂ ಬೆಲ್ಟು ಕಟ್ಟಿಕೊಳ್ಳುತ್ತಾರೆಯೇ?

ವಿದಾದ್


ಅಬುಧಾಬಿ
20 ಮಾರ್ಚ್ 2019

ತಾಂತ್,

ನಿಮ್ಮ ಕಾಗದವನ್ನು ಇಡೀ ಕಚೇರಿಗೆ ಓದಿದೆ. ಇಷ್ಟೊಂದು ‘ಬೇಡ’! ನನಗಾದ ಸಂತೋಷ ಹೇಳಲಾರೆ. ಮದಾಮ್ ರೋಲಾ, “ಈಗ ನೋಡು, ಇವರು ನಿಜವಾದ ಒಡತಿ,” ಎಂದರು. ಮೀಸೆ, ಮೂಗು, ಬೂಟು, ಕತ್ತೆ, ದನಿ, ಎಲ್ಲ ನೀವು ಹೇಳಿದಂತೆಯೇ. ನೆರಳನ್ನೂ ತೆಗೆದೆವು. (ಸಿಕ್ಕಿಬಿದ್ದೆ. ಪ್ರಯತ್ನಿಸದೆ ಇರಲಾಗಲಿಲ್ಲ!)

ಆದರೆ ಬೆಲ್ಟು ಇರುತ್ತದೆ. ತಿರುವಿನಲ್ಲಿ ಟ್ರಾಮ್ ವಾಲುತ್ತದೆ, ಒಳಗೆ ಮಕ್ಕಳಿರುತ್ತಾರೆ. ನೀವು ಎಷ್ಟು ಸಲ ಬೇಡ ಎಂದರೂ ನಾನು ಅಷ್ಟೂ ಸಲ ಇಲ್ಲ ಎನ್ನುತ್ತೇನೆ. ಈ ಒಂದು ವಿಷಯದಲ್ಲಿ ನಿಮ್ಮ ಮಾತು ನಡೆಯುವುದಿಲ್ಲ.

ಶಾಹಿಂದಾ


ಬಾಕೋಸ್
27 ಮಾರ್ಚ್ 2019

ಮಗಳೇ,

ನಿನ್ನ ಇಷ್ಟು ಪತ್ರಗಳಲ್ಲಿ ಇದೊಂದು ನನಗೆ ಹಿಡಿಸಿತು. ಬೆಲ್ಟು ಇರಲಿ, ಎಲ್ಲರೂ ಕಟ್ಟಿಕೊಳ್ಳಲಿ.

ತಿರ್ಮಿಸ್‌ಗೆ ಬೇಡ. ಕಂಡಕ್ಟರ್ ಕೂರುವುದಿಲ್ಲ.

ವಿದಾದ್